ಹೊಸ್ತಿಲೊಳಗಿನ ಸರಕಾರ

ಮನುಷ್ಯ ತನ್ನ ಮೈಗೆ ತಾನೇ ಒಡೆಯ. ಅವನ ಒಪ್ಪಿಗೆಯಿಲ್ಲದೆ ಅವನ ಮೇಲೆ ಯಾರೂ ಕೈಮಾಡಬಾರದು, ಅವನ ದುಡಿಮೆಯನ್ನು ಯಾರೂ ಕಸಿಯಬಾರದು. ಮಾತು ಇಷ್ಟೇ. ಇದರ ಮೇಲೆ ಯುರೋಪು, ಅಮೆರಿಕಗಳ ಪಂಡಿತರು ಮುನ್ನೂರು ವರ್ಷಗಳಿಂದ ಗ್ರಂಥಗಳನ್ನು ಬರೆದಿದ್ದಾರೆ. ಸರಕಾರ ಬರೀ ಕಾವಲುಗಾರನಾಗಿರಲಿ, ಉಳಿದದ್ದೆಲ್ಲ ಮನುಷ್ಯ ಮನುಷ್ಯರ ಒಪ್ಪಂದಕ್ಕೆ ಬಿಡಲಿ ಎಂದು ಈ ಮಾತನ್ನು ಹಿಡಿದು ವಾದಿಸುವವರಿಗೆ ಲಿಬರ್ಟೇರಿಯನ್ನರು ಎಂದು ಹೆಸರು. ನಾವು ಸ್ವಾತಂತ್ರ್ಯವಾದಿಗಳು ಎನ್ನೋಣ.

ಗೆಳೆಯರೆ, ಇದು ಸಿರಿವಂತರ ತತ್ವ ಎಂದು ನಮ್ಮಲ್ಲಿ ಅನೇಕರು ಮುಟ್ಟಿಯೂ ನೋಡುವುದಿಲ್ಲ. ತೆರಿಗೆ ಬೇಡ ಎನ್ನುವವರು, ಮೀಸಲಾತಿ ಬೇಡ ಎನ್ನುವವರು, ಭೂಸುಧಾರಣೆಯೆಂದರೆ ಕಳವು ಎನ್ನುವವರು ಇದನ್ನು ಬಾಯಿಪಾಠ ಮಾಡಿದ್ದಾರೆ, ನಿಜ. ಆದರೆ ಒಡೆತನದ ಮಾತನ್ನು ಒಡೆಯರಿಗೇ ಬಿಟ್ಟುಕೊಡಬೇಕೆ? ತಲೆಮಾರುಗಟ್ಟಲೆ ತನ್ನ ಮೈ ತನ್ನದಾಗಿರದ ಜನಕ್ಕೆ ಈ ಮಾತಿನ ಬೆಲೆ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತಿದೆ?

ಎಂಬತ್ತರ ದಶಕದಲ್ಲಿ ಖಾನಾಪುರ ತಾಲೂಕಿನ ಕೇರಿಯಿಂದ ಬೆಳಗಾವಿಗೆ ಬಂದು, ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವಾಗ ನಾವು ಲಾಕ್, ಮಿಲ್ ಎಂಬ ಹೆಸರುಗಳನ್ನು ಕೇಳಿದೆವು. ಸರ್ ನೋಟ್ಸ್ ಬರೆಸಿದರು. ಹತ್ತು ಅಂಕದ ಪ್ರಶ್ನೆ. ಪ್ರತಿಯೊಬ್ಬನಿಗೂ ತನ್ನ ದೇಹದ ಮೇಲೆ ಒಡೆತನವಿದೆ ಎಂಬ ಲಾಕ್‌ನ ವಾದವನ್ನು ಬರೆದುಕೊಳ್ಳುವಾಗ ನಮಗೆ ನೆನಪಾದದ್ದು ನಮ್ಮಜ್ಜ.

ಅಜ್ಜ ವತನದಾರ. ಹೆಸರು ಕೇಳಿದರೆ ದೊಡ್ಡದು. ಕೆಲಸವೆಂದರೆ ಟಪಾಲು ಹೊತ್ತು ಕಾಡುದಾರಿಯಲ್ಲಿ ಖಾನಾಪುರದ ಕಚೇರಿಗೆ ನಡೆಯುವುದು, ಕಂದಾಯದ ದುಡ್ಡಿಗೆ ಕಾವಲು ಹೋಗುವುದು, ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಹೊತ್ತು ಊರೂರು ತಿರುಗುವುದು. ಅದಕ್ಕೆ ಹಗಲಿಲ್ಲ, ರಾತ್ರಿಯಿಲ್ಲ. ಪ್ರತಿಯಾಗಿ ಒಂದು ತುಂಡು ಹೊಲ, ಸುಗ್ಗಿಯಲ್ಲಿ ಊರವರು ಕೊಟ್ಟಷ್ಟು ಆಯ. ಅಜ್ಜನಿಗೆ ಜ್ವರ ಬಂದರೆ ಅಪ್ಪ ಹೋಗಬೇಕು. ಅಪ್ಪ ಕೂಲಿಗೆ ಹೋಗಿದ್ದರೆ ಅಜ್ಜಿ ಹೋಗಬೇಕು. "ಕೈಕಾಲು ಊರಾವ್ರದು ತಮ್ಮಾ, ಹೊಟ್ಟಿ ಒಂದ ನಮ್ದು" ಅಂತಿದ್ದ ಅಜ್ಜ.

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಈ ಚಾಕರಿಗೆ 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯ ಬಲವಿತ್ತು. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಬಾಬಾಸಾಹೇಬ ಅಂಬೇಡ್ಕರರು ಅದರ ತಿದ್ದುಪಡಿಗೆ ಮಸೂದೆ ತಂದರು. ಒಬ್ಬನ ಹೆಸರಿನ ಚಾಕರಿಗೆ ಇಡೀ ಮನೆತನದ ಮೈ ಅಡವು ಬಿದ್ದಿದೆ ಎಂಬುದೇ ಅವರ ತಕರಾರು. ಮಸೂದೆ ಗೆಲ್ಲಲಿಲ್ಲ. ನಮ್ಮ ಭಾಗದಲ್ಲಿ ವತನ ಕಾನೂನಿನ ಪ್ರಕಾರ ಸತ್ತದ್ದು 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ. ಅಷ್ಟರಲ್ಲಿ ನಮ್ಮಜ್ಜನ ಹೊಲ ಸಾಲಕ್ಕೆ ಇನ್ನೊಬ್ಬರ ಕೈ ಸೇರಿತ್ತು.

ಹೀಗಿರುವಾಗ ಸ್ವಾತಂತ್ರ್ಯವಾದಿಗಳು ನಮಗೆ ಶತ್ರುಗಳಾಗಬೇಕಿಲ್ಲ, ಸಾಲಗಾರರಾಗಬೇಕು. 1974ರಲ್ಲಿ 'ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ' ಬರೆದ ಅಮೆರಿಕದ ರಾಬರ್ಟ್ ನೋಜಿಕ್ ಈ ಪಂಥದ ದೊಡ್ಡ ವಕೀಲ. ಆಸ್ತಿ ನ್ಯಾಯವಾಗಿ ಗಳಿಸಿದ್ದಾಗಿರಬೇಕು, ನ್ಯಾಯವಾಗಿ ಕೈ ಬದಲಾಗಿರಬೇಕು, ಹಿಂದೆ ಅನ್ಯಾಯ ನಡೆದಿದ್ದರೆ ಅದನ್ನು ಸರಿಪಡಿಸಬೇಕು ಎಂದು ಅವನೇ ಬರೆದ. ನಮ್ಮ ದೇಶದಲ್ಲಿ ಅವನನ್ನು ಹೊಗಳುವವರು ಮೊದಲೆರಡು ಮಾತು ಓದಿ ಮೂರನೆಯದಕ್ಕೆ ಪುಸ್ತಕ ಮುಚ್ಚುತ್ತಾರೆ. ದಲಿತರಿಗೆ ಮಂಜೂರಾದ ಜಮೀನು ನಿಯಮ ಮೀರಿ ಪರಭಾರೆಯಾಗಿದ್ದರೆ ಮರಳಿಸಬೇಕೆಂಬ ನಮ್ಮ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಮತ್ತೇನು? ಅದು ದಾನವಲ್ಲ. ನೋಜಿಕ್‌ನ ಮೂರನೆಯ ಮಾತು.

ಇಷ್ಟು ಹೊಲದ ಮಾತಾಯಿತು. ಮನೆಯ ಮಾತು ಇದಕ್ಕಿಂತ ಕಷ್ಟದ್ದು.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಫಿಲ್ಮರ್ ಎಂಬವನಿದ್ದ. ರಾಜನ ಅಧಿಕಾರವೆಂದರೆ ಅಪ್ಪನ ಅಧಿಕಾರವೇ, ಮನೆಯಲ್ಲಿ ಅಪ್ಪ ಹೇಗೋ ನಾಡಿನಲ್ಲಿ ದೊರೆ ಹಾಗೆ ಎಂದು ಅವನ ವಾದ. ಲಾಕ್ 1689ರಲ್ಲಿ ಹೊರತಂದ ಪುಸ್ತಕದ ಮೊದಲರ್ಧವೆಲ್ಲ ಇವನಿಗೆ ಕೊಟ್ಟ ಉತ್ತರ. ಮಕ್ಕಳ ಮೇಲೆ ಹೆತ್ತವರಿಗೆ ಇರುವುದು ಸಾಕುವ ಹೊಣೆ, ಒಡೆತನವಲ್ಲ. ಮಗುವಿಗೆ ತಿಳಿವಳಿಕೆ ಬಂದ ದಿನ ಅಪ್ಪನಷ್ಟೇ ಮಗುವೂ ಸ್ವತಂತ್ರ ಎಂದ ಲಾಕ್. ಗುಲಾಮರ ವ್ಯಾಪಾರ ಮಾಡುತ್ತಿದ್ದ ಕಂಪನಿಯಲ್ಲಿ ಇದೇ ಲಾಕ್ ಹಣ ಹಾಕಿದ್ದ ಎಂಬುದನ್ನೂ ಮರೆಯಬೇಕಿಲ್ಲ. ಆಡಿದವನು ಸಣ್ಣವನಾದರೂ ಮಾತು ದೊಡ್ಡದಿದ್ದರೆ ನಾವು ಇಟ್ಟುಕೊಳ್ಳೋಣ. ನಮ್ಮ ಮನೆಗಳಲ್ಲಿ ಇವತ್ತಿಗೂ ಗೆದ್ದಿರುವವನು ಲಾಕ್ ಅಲ್ಲ, ಫಿಲ್ಮರ್.

ಖಾನಾಪುರಕ್ಕೇ ಬರೋಣ. 2021ರ ಸೆಪ್ಟೆಂಬರ್ 28. ಬೆಳಗಾವಿಯಲ್ಲಿ ವಾಸವಾಗಿದ್ದ 24 ವರ್ಷದ ಮುಸ್ಲಿಂ ಯುವಕನ ಶವ ಖಾನಾಪುರದ ರೈಲುಹಳಿಯ ಮೇಲೆ ರುಂಡ ಬೇರೆಯಾಗಿ ಸಿಕ್ಕಿತು. ಅವನು ಪ್ರೀತಿಸಿದ್ದು ಹಿಂದೂ ಹುಡುಗಿಯನ್ನು. ಅಕ್ಟೋಬರ್ ತಿಂಗಳಲ್ಲಿ ಪೊಲೀಸರು ಹತ್ತು ಜನರನ್ನು ಬಂಧಿಸಿದರು. ಅದರಲ್ಲಿ ಒಂದು ಧಾರ್ಮಿಕ ಸಂಘಟನೆಯವರಿದ್ದರು. ಹುಡುಗಿಯ ತಂದೆ ತಾಯಿಯೂ ಇದ್ದರು. ದುಡ್ಡು ಕೊಟ್ಟು ಮಾಡಿಸಿದ ಕೊಲೆ ಎಂಬುದು ಪೊಲೀಸರ ಆರೋಪ. ಅಪರಾಧಿ ಯಾರೆಂದು ಹೇಳುವುದು ನ್ಯಾಯಾಲಯದ ಕೆಲಸ. ನಮ್ಮ ಪ್ರಶ್ನೆ ಬೇರೆ. ಆ ದಿನಗಳಲ್ಲಿ ನಾವು ಕೂತ ಚಹಾದಂಗಡಿಗಳಲ್ಲಿ, ಬೆಳಗಾವಿ-ಖಾನಾಪುರ ಬಸ್ಸಿನಲ್ಲಿ ಕೇಳಿಬಂದ ಮಾತೆಂದರೆ, "ಕೊಲಿ ಮಾಡಬಾರದಿತ್ತು ಖರೇ. ಆದ್ರ ಹಡದವ್ರ ಸಂಕಟಾನೂ ನೋಡ್ಬೇಕಲ್ರಿ." ಆ ಹುಡುಗಿಗೆ ಏನು ಬೇಕಾಗಿತ್ತು ಎಂದು ಕೇಳಿದವರು ಒಬ್ಬರೂ ನಮಗೆ ಸಿಗಲಿಲ್ಲ. ಅವಳು ಒಂದು ಹೊಲ. ಒತ್ತುವರಿಯಾಯಿತು. ಜಗಳ ಹೊಲದ ಒಡೆಯರಿಗೂ ಒತ್ತುವರಿ ಮಾಡಿದವನಿಗೂ. ಹೊಲವನ್ನು ಯಾರಾದರೂ ಮಾತಾಡಿಸುತ್ತಾರೆಯೇ?

ಮೂರು ತಿಂಗಳೂ ಕಳೆದಿರಲಿಲ್ಲ. ಅದೇ ವರ್ಷದ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕೂತ ವಿಧಾನಸಭೆ ಮತಾಂತರ ತಡೆಯ ಮಸೂದೆಯನ್ನು ಅಂಗೀಕರಿಸಿತು. 2022ರಲ್ಲಿ ಅದು ಕಾಯ್ದೆಯಾಯಿತು. ಧರ್ಮ ಬದಲಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಬಲವಂತ, ಆಮಿಷ, ಮದುವೆಯ ಹೆಸರಿನ ಮತಾಂತರವೆಂದು ದೂರು ಕೊಡಲು ಅಪ್ಪ, ಅವ್ವ, ಅಣ್ಣ, ತಂಗಿ, ನೆಂಟರು, ಕೊನೆಗೆ ಜೊತೆಗೆ ಕೆಲಸ ಮಾಡುವವರಿಗೂ ಹಕ್ಕು. 2023ರ ಜೂನ್‌ನಲ್ಲಿ ಮುಂದಿನ ಸರಕಾರದ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ಕೈಗೊಂಡಿತು. ಆದರೆ ಅದರ ಹಿಂದಿನ ನಂಬಿಕೆ ಯಾವ ಸಂಪುಟದ ತೀರ್ಮಾನಕ್ಕೂ ಸಿಗುವಂಥದ್ದಲ್ಲ. ವಯಸ್ಸಿಗೆ ಬಂದ ಹೆಣ್ಣಿನ ಮನಸ್ಸು ಅವಳದಲ್ಲ, ಮನೆತನದ್ದು ಎಂಬ ನಂಬಿಕೆ ಅದು.

2023ರ ಡಿಸೆಂಬರ್. ಸುವರ್ಣಸೌಧದಲ್ಲಿ ಮತ್ತೆ ಅಧಿವೇಶನ ನಡೆದಿತ್ತು. ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ ಒಬ್ಬ ಹುಡುಗ ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟ. ಹುಡುಗಿಯ ಕಡೆಯವರು ರಾತ್ರೋರಾತ್ರಿ ಹುಡುಗನ ತಾಯಿಯನ್ನು ಮನೆಯಿಂದ ಎಳೆದು, ಬತ್ತಲೆ ಮಾಡಿ, ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡು, ನೋಡುತ್ತ ನಿಂತ ಜನರ ಬಗ್ಗೆಯೂ ಕಟುವಾಗಿ ಮಾತಾಡಿತು. ಮಗನ ಪ್ರೀತಿಗೆ ತಾಯಿಯ ಮೈ ದಂಡ. ನಮ್ಮಜ್ಜನ ವತನದ ನಿಯಮವೂ ಇದೇ ಅಲ್ಲವೆ? ಒಬ್ಬನ ಲೆಕ್ಕಕ್ಕೆ ಇಡೀ ಮನೆತನದ ಮೈ.

ಇಲ್ಲಿ ಸ್ವಾತಂತ್ರ್ಯವಾದಿಗಳ ಕಣ್ಣು ಮಬ್ಬಾಗುತ್ತದೆ. ಅವರು ಹೆದರುವುದು ದಿಲ್ಲಿಯ ಸರಕಾರಕ್ಕೆ, ಪೊಲೀಸನಿಗೆ, ತೆರಿಗೆಯವನಿಗೆ. ನಮ್ಮ ಸರಕಾರ ಹೊಸ್ತಿಲೊಳಗೇ ಕೂತಿದೆ. ಅದಕ್ಕೆ ಚುನಾವಣೆಯಿಲ್ಲ, ಅಪೀಲಿಲ್ಲ. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಮನವಿಯಲ್ಲಿ ಅಂಬೇಡ್ಕರರು ಇದರ ಬುಡಕ್ಕೇ ಕೈ ಹಾಕಿದ್ದರು. ಸರಕಾರ ಹಿಂದೆ ಸರಿದರೆ ಉಳಿಯುವ ಸ್ವಾತಂತ್ರ್ಯ ಗೇಣಿ ಏರಿಸುವ ಜಮೀನ್ದಾರನದು, ಕೂಲಿ ಇಳಿಸುವ ಮಾಲೀಕನದು ಎಂಬುದು ಅವರ ವಾದದ ಸಾರ. ನಾವು ಇನ್ನೊಬ್ಬನನ್ನು ಸೇರಿಸೋಣ: ಮಗಳ ಕೋಣೆಗೆ ಹೊರಗಿನಿಂದ ಚಿಲಕ ಹಾಕುವ ಅಪ್ಪನದು.

ಇದೆಲ್ಲ ಮೇಲ್ಜಾತಿಯವರ ರೋಗ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಾವು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕೇರಿಯ ಹುಡುಗಿಯೊಬ್ಬಳು ಸಮಗಾರ ಓಣಿಯ ಹುಡುಗನನ್ನು ಮದುವೆಯಾಗುತ್ತೇನೆಂದಳು. ಊರ ಬಾವಿಗೆ ಇಬ್ಬರೂ ಹೊರಗಿನವರೇ. ಆದರೂ ಹಿರಿಯರು ಕೂತರು. "ಅವ್ರ ಮನಿ ನೀರ ನಾವು ಕುಡಿಯಂಗಿಲ್ಲ, ಹೆಣ್ಣ ಹ್ಯಾಂಗ ಕೊಡೂದು?" ಎಂದು ಹಿರಿಯರೊಬ್ಬರು ಕೇಳಿದರು. ಹುಡುಗಿ ಬಾಗಿಲಲ್ಲಿ ನಿಂತೇ ಹೇಳಿದಳು: "ನಾ ಏನ್ ನಿಮ್ಮ ವತನ ಏನ್ರಿ ಕಾಕಾ, ಕೊಡಾಕ ಬಿಡಾಕ?"

ಕೂತವರಿಗೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಆ ಇಬ್ಬರೂ ಲೋಂಡಾದ ಗಾಡಿ ಹತ್ತಿ ಗೋವಾಕ್ಕೆ ಹೋದರು. ವಾಸ್ಕೋದಲ್ಲಿ ಕೂಲಿ ಮಾಡಿ ಬದುಕಿದರು. ಅಪ್ಪ ಎಷ್ಟೋ ವರ್ಷ ಅವಳ ಹೆಸರೆತ್ತಲಿಲ್ಲ. ಅವಳೊಮ್ಮೆ ಮಗನನ್ನು ಕಟ್ಟಿಕೊಂಡು ಊರಿಗೆ ಬಂದಾಗ ಕೇರಿಯ ಹೆಂಗಸರು ಸುತ್ತ ಕೂತು ಕೇಳಿದ್ದು ಒಂದೇ ಪ್ರಶ್ನೆ: "ಪಗಾರ ನಿನ್ನ ಕೈಯಾಗ ಕೊಡ್ತಾರೇನ?"

1916ರಲ್ಲಿ ಕೊಲಂಬಿಯಾದಲ್ಲಿ ಓದುತ್ತಿದ್ದಾಗಲೇ ಅಂಬೇಡ್ಕರರು ಜಾತಿಯ ಜೀವ ಒಳಮದುವೆಯಲ್ಲಿದೆ ಎಂದು ಕಂಡಿದ್ದರು. ಹೆಣ್ಣಿನ ಒಪ್ಪಿಗೆಯನ್ನು ಕಸಿಯದೆ ಜಾತಿ ಒಂದು ತಲೆಮಾರೂ ಬದುಕಲಾರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮನೆಗಳ ನಡುವೆ ನಡೆದ ಒಂದು ಮದುವೆಗೆ ಅಷ್ಟು ರಕ್ತ ಬಿದ್ದದ್ದೂ ಅದಕ್ಕೇ. ಕೇರಿ ಕೇರಿಗಳ ನಡುವಿನ ಗೋಡೆಯನ್ನು ನಮ್ಮವರೇ ಕಾಯುತ್ತಿದ್ದರೆ ಮನುವಿಗೆ ಬೇರೆ ಕಾವಲುಗಾರ ಯಾಕೆ ಬೇಕು?

ಕೇರಿಯ ಹೆಂಗಸರು ಕೇಳಿದ ಆ ಪಗಾರದ ಪ್ರಶ್ನೆಯಲ್ಲಿ ಪಂಡಿತರ ಗ್ರಂಥಗಳಲ್ಲಿ ಇಲ್ಲದ ಒಂದು ತಿಳಿವಳಿಕೆ ಇದೆ. ನಮ್ಮವ್ವ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತಳು. ಬಟವಡೆಯ ದಿನ ಕಾರಕೂನ ಕೂಗುತ್ತಿದ್ದುದು ಅಪ್ಪನ ಹೆಸರು. ವತನದ ಕಾಯ್ದೆ ಬಂದ 1874ರಲ್ಲೇ ಈ ದೇಶದಲ್ಲಿ ಇನ್ನೊಂದು ಕಾಯ್ದೆ ಬಂತು. ಮದುವೆಯಾದ ಹೆಣ್ಣಿನ ಕೂಲಿ ಅವಳದೇ ಆಸ್ತಿ ಎಂದು ಅದು ಹೇಳಿತು. ಆದರೆ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಹೆಂಗಸರಿಗೆ ಇದಿಲ್ಲ ಎಂದೂ ಅದರಲ್ಲೇ ಬರೆದಿತ್ತು. ಕೈಯಲ್ಲಿ ಕಾಸಿಲ್ಲದವಳು ಒಲ್ಲೆ ಎಂದರೆ ಹೋಗುವುದೆಲ್ಲಿಗೆ? ಹೋಗಲು ಜಾಗವಿಲ್ಲದವಳ ಹೂಂ ಎಂಬ ಮಾತನ್ನು ಒಪ್ಪಿಗೆ ಎನ್ನಬಹುದೇ?

ನಮ್ಮ ಜಿಲ್ಲೆಯ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಿಗೂ ಒಪ್ಪಿದ್ದೀಯೇನು ಎಂದು ಕೇಳಿದ ಶಾಸ್ತ್ರ ನಡೆದಿರಬಹುದು. ಮನುಷ್ಯ ಇಚ್ಛೆಪಟ್ಟರೆ ತನ್ನನ್ನು ಗುಲಾಮಗಿರಿಗೆ ಮಾರಿಕೊಳ್ಳಲೂ ಬಿಡಬೇಕು ಎನ್ನುವವರೆಗೆ ನೋಜಿಕ್ ಹೋದ. ಸ್ವಾತಂತ್ರ್ಯವನ್ನೇ ಮಾರುವ ಸ್ವಾತಂತ್ರ್ಯವಿಲ್ಲ ಎಂದು ಮಿಲ್ 1859ರಲ್ಲೇ ಹೇಳಿದ್ದ. ನಮ್ಮ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಿಲ್‌ನ ಕಡೆಗಿತ್ತು. ಹೆಣ್ಣು ಒಪ್ಪಿದ್ದರೂ ಸಮರ್ಪಣೆ ಕಾನೂನುಬಾಹಿರ ಎಂದಿತು ಅದು. ಹಸಿವಿನ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಕಲಿಸಲು ನಮಗೆ ಯಾವ ಪಂಡಿತನೂ ಬೇಕಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕಾನೂನು ಅಷ್ಟಿಷ್ಟು ಕೈ ಹಿಡಿದಿದೆ. ಇಬ್ಬರು ವಯಸ್ಕರು ಮದುವೆಯಾಗಲು ಮನೆತನದ, ಕುಲದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು 2018ರ ಶಕ್ತಿವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜಿಲ್ಲೆಗಳಲ್ಲಿ ವಿಶೇಷ ಘಟಕಗಳು, ಸುರಕ್ಷಿತ ಮನೆಗಳು ಇರಬೇಕೆಂದಿತು. ನಮ್ಮ ಜಿಲ್ಲೆಯಲ್ಲಿ ಅವು ಎಲ್ಲಿವೆ, ಬಾಗಿಲು ತೆರೆದಿವೆಯೇ ಎಂದು ಹೋಗಿ ಕೇಳುವುದು ಸಂಘಟನೆಯವರ ಕೆಲಸ. ವಿಳಾಸವನ್ನು ಕಾಲೇಜಿನ ಹುಡುಗಿಯರ ಕೈಗೆ ಮುಟ್ಟಿಸುವುದು ವಿದ್ಯಾರ್ಥಿಗಳ ಕೆಲಸ. ಹಳ್ಳಿಯ ಮಾಸ್ತರುಗಳ ಕೆಲಸ ಇನ್ನೂ ಸಣ್ಣದು, ಇನ್ನೂ ಕಷ್ಟದ್ದು. ಹತ್ತನೆಯ ಇಯತ್ತೆಯ ಹುಡುಗಿ ಸಾಲಿ ಬಿಟ್ಟಳೆಂದರೆ ಅವಳ ಮನೆಗೆ ಹೋಗಿ, ಅಪ್ಪನನ್ನು ಕೇಳುವ ಮುಂಚೆ ಅವಳನ್ನು ಕೇಳುವುದು.

ನಮ್ಮ ಗೆಳೆಯರಲ್ಲಿ ಅನೇಕರು ಬುದ್ಧ, ಬಸವ, ಅಂಬೇಡ್ಕರರ ಫೋಟೋ ಇಟ್ಟು, ಸಂವಿಧಾನದ ಪೀಠಿಕೆ ಓದಿ ಮದುವೆಯಾಗುತ್ತಾರೆ. ಸಂತೋಷ. ಆದರೆ ಮದುವೆಯ ಮರುದಿನ ಅವರ ಮನೆಯಲ್ಲಿ ಯಾರ ಸಂವಿಧಾನ ನಡೆಯುತ್ತದೆ? 1851ರಲ್ಲಿ ಹ್ಯಾರಿಯೆಟ್ ಟೇಲರಳನ್ನು ಮದುವೆಯಾಗುವಾಗ ಮಿಲ್ ಒಂದು ಕಾಗದ ಬರೆದಿಟ್ಟ. ಹೆಂಡತಿಯ ಮೈಯ ಮೇಲೆ, ಆಸ್ತಿಯ ಮೇಲೆ, ನಡೆಯ ಮೇಲೆ ಕಾನೂನು ಗಂಡನಿಗೆ ಕೊಡುವ ಅಧಿಕಾರವನ್ನು ತಾನು ಧಿಕ್ಕರಿಸುತ್ತೇನೆ, ಎಂದೂ ಬಳಸುವುದಿಲ್ಲ ಎಂದು ಅದರಲ್ಲಿತ್ತು. ನಮ್ಮ ಮದುವೆಗಳಲ್ಲಿ ಅಂಥದೊಂದು ಕಾಗದವನ್ನು ಗಂಡು ನಾಲ್ಕು ಜನರ ಎದುರು ಓದಲಿ. ಗಂಡಿನ ಅಪ್ಪ, ಹೆಣ್ಣಿನ ಅಪ್ಪ ಇಬ್ಬರೂ ಸಹಿ ಹಾಕಲಿ.

ಊರಿನ ವತನ 1963ರಲ್ಲಿ ಸರಕಾರದ ಕಾಯ್ದೆಯಿಂದ ರದ್ದಾಯಿತು. ಮನೆಯೊಳಗಿನ ವತನಕ್ಕೆ ಗೆಜೆಟ್ಟಿನಲ್ಲಿ ಆದೇಶ ಬರುವುದಿಲ್ಲ. ಅದನ್ನು ರದ್ದು ಮಾಡಬೇಕಾದವರು ನಾವೇ, ನಮ್ಮ ನಮ್ಮ ಮನೆಗಳಲ್ಲಿ.