ಪಲ್ಲೆ ಬಿಡು ಅಂದಿದ್ದು ನಾನೇ

"ತಮ್ಮಾ, ಹಲ್ಲು ತಿಕ್ಕಿದ್ರ ರಕ್ತ ಬರಾಕತ್ತೈತಿ. ಏನೂ ಆಗಂಗಿಲ್ಲಲಾ?"

ಅವ್ವ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗಿಗೆ ಕಾಯ್ತಾ ಕೂತಿದ್ದೆ. "ಬ್ರಶ್ ಬದಲಿ ಮಾಡು" ಅಂದೆ. ಆಕೆ ಇನ್ನೊಂದು ಮಾತು ಸೇರಿಸಿದಳು. "ತೋಳ ಮ್ಯಾಲ ನೀಲಿ ಕಲಿ ಬಿದ್ದಾವ. ಎಲ್ಲೂ ಬಡಕೊಂಡಿಲ್ಲ ನೋಡ." ಆಗ ನನ್ನ ಕೈ ತಣ್ಣಗಾಯಿತು.

ಅವ್ವನ ಎದೆಯೊಳಗೆ ಮೆಕ್ಯಾನಿಕಲ್ ವಾಲ್ವ್ ಇದೆ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನು ಹಾಳು ಮಾಡಿತ್ತು. ಐದು ವರ್ಷದ ಹಿಂದೆ ಆಪರೇಷನ್ ಆಯಿತು. ರಾತ್ರಿ ಮನೆ ಸುಮ್ಮನಾದಾಗ ಪಕ್ಕದಲ್ಲಿ ಮಲಗಿದವರಿಗೆ ಗಡಿಯಾರದಂತೆ ಟಿಕ್ ಟಿಕ್ ಕೇಳಿಸುತ್ತದೆ. ಇಂಥ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಆ ಹೆಪ್ಪು ಹರಿದು ಮೆದುಳಿಗೆ ಹೋದರೆ ಲಕ್ವಾ. ಅದಕ್ಕೇ ಜೀವನಪೂರ್ತಿ ಅಸಿನೋಕೌಮರಾಲ್ ಅನ್ನೋ ಗುಳಿಗೆ. "ರಕ್ತ ತೆಳು ಮಾಡೋ ಗುಳಿಗಿ" ಅಂತಾರೆ ಎಲ್ಲರೂ. ಅದು ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ತಿಳಿಯೋಕೆ ಐಎನ್‌ಆರ್ ಅನ್ನೋ ರಕ್ತ ಪರೀಕ್ಷೆ. ಈ ಗುಳಿಗೆ ತಗೊಳ್ಳದವರಿಗೆ ಅದು 1ರ ಆಸುಪಾಸು. ಅವ್ವನಿಗೆ 2.5ರಿಂದ 3.5ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ.

ನಮ್ಮೂರು ಮೂಡಲಗಿ ಕಡೆ ಒಂದು ಹಳ್ಳಿ. ಚಳಿಗಾಲ ಬಂತಂದ್ರೆ ಹೊಲದ ತುಂಬಾ ಮೆಂತೆ, ರಾಜಗಿರಿ, ಹತ್ತರಕಿ. ಹೋದ ಚಳಿಗಾಲದಲ್ಲಿ ಅವ್ವನ ರಿಪೋರ್ಟ್ 1.8ಕ್ಕೆ ಇಳಿಯಿತು. ಗೋಕಾಕದ ಡಾಕ್ಟ್ರು ಗುಳಿಗೆಯ ಡೋಸ್ ಸ್ವಲ್ಪ ಹೆಚ್ಚಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗ್ತಿತ್ತು. ನಾನು ಬಿಇ ಓದಿದವನು, ಇಂಟರ್‌ನೆಟ್ ಇದೆ, ಸುಮ್ಮನಿರಲಿಲ್ಲ. ರಾತ್ರಿ ಕೂತು ಓದಿದೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಅದು ಈ ಗುಳಿಗೆಗೆ ಎದುರಾಳಿ ಅಂತ ಗೊತ್ತಾಯಿತು. ಬೆಳಿಗ್ಗೆ ಫೋನ್ ಮಾಡಿ ಹುಕುಂ ಹೊರಡಿಸಿದೆ. "ಅವ್ವಾ, ಇವತ್ತಿಂದ ಪಲ್ಲೆ ಬಂದ್." ಡಾಕ್ಟ್ರಿಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ.

ನೀಲಿ ಕಲೆಯ ಸುದ್ದಿ ಬಂದದ್ದು ಇದಾಗಿ ಒಂದು ತಿಂಗಳಿಗೆ. ಹುಕ್ಕೇರಿಯಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿದೆ. ಆಕೆ ಗಾಡಿ ಮಾಡಿಕೊಂಡು ಊರಿಗೆ ಹೋಗಿ ಅವ್ವನನ್ನು ಗೋಕಾಕಕ್ಕೆ ಕರೆತಂದಳು. ನಾನು ರಾತ್ರಿ ಬಸ್ ಹತ್ತಿದೆ. ದಾರಿಯಲ್ಲಿ ರಿಪೋರ್ಟಿನ ಫೋಟೋ ವಾಟ್ಸಾಪಿಗೆ ಬಂತು. 6.4. ಆ ರಾತ್ರಿ ಬಸ್ಸಿನಲ್ಲಿ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಡಾಕ್ಟ್ರು ಅವ್ವನನ್ನು ಕೇಳಿದರು, "ಊಟದಾಗ ಏನರ ಬದಲಾಗೇತೇನ ಯವ್ವಾ?"

ಅವ್ವ ನನ್ನ ಕಡೆ ನೋಡಿದಳು. "ಇಂವಾ ಪಲ್ಲೆ ಬಿಡಸ್ಯಾನ್ರೀ. ಪಲ್ಲೆ ಇಲ್ಲದ ರೊಟ್ಟಿ ಗಂಟಲಾಗ ಇಳಿಯಂಗಿಲ್ಲ. ಅರ್ಧ ರೊಟ್ಟಿ ತಿಂದು ಏಳತೇನಿ."

ಡಾಕ್ಟ್ರು ಸಿಟ್ಟಾಗಲಿಲ್ಲ. "ನಾ ಪಲ್ಲೆ ಹಿಡದು ಲೆಕ್ಕ ಹಾಕಿ ಗುಳಿಗಿ ಹೆಚ್ಚ ಮಾಡಿದ್ದೆ. ನೀವು ಅತ್ಲಾಗಿಂದ ಪಲ್ಲೆ ತಗದ್ರಿ. ಬಿಡ ಅಂತ ನಾ ಹೇಳಿಲ್ಲ, ಒಂದ ಸಮ ತಿನ್ಲಿ." ಒಂದೇ ಫೈಲನ್ನು ಇಬ್ಬರು ಒಬ್ಬರಿಗೊಬ್ಬರು ಹೇಳದೆ ತಿದ್ದಿದರೆ ಏನಾಗುತ್ತದೆ ಅಂತ ದಿನಾ ಆಫೀಸಿನಲ್ಲಿ ನೋಡ್ತೀನಿ. ಇಲ್ಲಿ ಆ ಫೈಲು ನನ್ನ ಅವ್ವ.

ನಮ್ಮ ಲಿವರ್ ವಿಟಮಿನ್ ಕೆ ಬಳಸಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸುತ್ತದೆ. ಒಮ್ಮೆ ಬಳಸಿದ ವಿಟಮಿನ್ನನ್ನು ಮತ್ತೆ ಬಳಕೆಗೆ ತರುವ ದಾರಿಗೆ ಈ ಗುಳಿಗೆ ಅಡ್ಡ ನಿಲ್ಲುತ್ತದೆ. ಪಲ್ಲೆ ಒಮ್ಮೆಲೇ ಹೆಚ್ಚಾದರೆ ಗುಳಿಗೆ ಸೋಲುತ್ತದೆ, ಒಮ್ಮೆಲೇ ನಿಂತರೆ ಗುಳಿಗೆಯ ಜೋರು ಮಿತಿ ಮೀರುತ್ತದೆ.

ಎರಡು ದಿನ ಗುಳಿಗೆ ನಿಲ್ಲಿಸಿ, ಮತ್ತೆ ಮತ್ತೆ ರಕ್ತ ತೆಗೆದು ನೋಡಿದರು. ಅದನ್ನೂ ಡಾಕ್ಟ್ರೇ ಹೇಳಿ ಮಾಡಿಸಿದ್ದು, ನಾವಾಗಿ ಅಲ್ಲ. ಕಾಯುವಾಗ ಅವ್ವನಿಗೆ ಈ ಗುಳಿಗೆಯ ಕಥೆ ಹೇಳಿದೆ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ದನಗಳು ರಕ್ತ ಸೋರಿ ಸಾಯತೊಡಗಿದವು. ಕಾರಣ, ಬೂಜು ಹಿಡಿದ ಸ್ವೀಟ್ ಕ್ಲೋವರ್ ಅನ್ನೋ ಒಣ ಮೇವು. ವಿಸ್ಕಾನ್ಸಿನ್ನಿನಲ್ಲಿ ಕಾರ್ಲ್ ಲಿಂಕ್ ಮತ್ತು ಅವರ ಜೊತೆಗಾರರು ಅದರಲ್ಲಿದ್ದ ವಸ್ತುವನ್ನು ಪತ್ತೆ ಹಚ್ಚಿದರು. ಅದರಿಂದಲೇ ವಾರ್ಫರಿನ್ ಹುಟ್ಟಿತು. 1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರಿಗೆ ಔಷಧಿಯಾಯಿತು. ಅವ್ವನ ಗುಳಿಗೆ ಅದೇ ಬಳಗದ್ದು. "ಇಲಿ ಪಾಷಾಣ ತಿನಿಸಾಕತ್ತೀರೇನೋ ನನಗ?" ಅಂತ ಆಕೆ ನಕ್ಕಳು. ಆ ವಾರ ಮೊದಲ ಸಲ ನಕ್ಕಿದ್ದು.

"ಬೇರೆ ಏನರ ತಗೋತೀರೇನ್ರೀ? ಕಷಾಯ, ಪುಡಿ, ಪೇಟ್ಯಾಗಿನ ಟಾನಿಕ್?" ಅಂತ ಡಾಕ್ಟ್ರು ಕೇಳಿದಾಗ ಅಕ್ಕ ಚೀಲದಿಂದ ಒಂದು ಬಾಟ್ಲಿ ತೆಗೆದಳು. ಅವ್ವನ ಮಂಡಿ ನೋವಿಗೆ ಅಂತ ನಾನೇ ಆನ್‌ಲೈನಿನಲ್ಲಿ ತರಿಸಿ ಕಳಿಸಿದ್ದ ಅರಿಷಿಣದ ಕ್ಯಾಪ್ಸೂಲ್. ಸೀಲು ಒಡೆದಿರಲಿಲ್ಲ. "ನಮ್ಮ ಹೊಲದಾಗ ಕೊಪ್ಪರಿಗಿಗಟ್ಲೆ ಅರಿಷಿಣ ಕುದಸತೇವಿ, ಈ ಬಾಟ್ಲಿದು ಯಾಕ ಬೇಕಂತ ಇಟ್ಟಿದ್ದೆ" ಅಂದಳು ಅವ್ವ. ಸಾರಿಗೆ ಹಾಕುವ ಚಿಟಿಕೆ ಅರಿಷಿಣದ ಮಾತು ಬೇರೆ, ಸತ್ವ ತೆಗೆದು ತುಂಬಿದ ಕ್ಯಾಪ್ಸೂಲಿನ ಮಾತು ಬೇರೆ. ವಾರ್ಫರಿನ್ ತಗೊಳ್ಳುತ್ತಿದ್ದ ಒಬ್ಬರು ಇಂಥ ಅರಿಷಿಣದ ಉತ್ಪನ್ನ ಶುರು ಮಾಡಿದ ಮೇಲೆ ಐಎನ್‌ಆರ್ 10 ದಾಟಿತ್ತು ಅಂತ ನ್ಯೂಜಿಲೆಂಡಿನ ಔಷಧಿ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತ್ತು. ಇದನ್ನು ನಾನು ಓದಿದ್ದು ಬಾಟ್ಲಿ ಕಳಿಸಿದ ಮೇಲೆ.

ಮಾತಿನ ನಡುವೆ ಅಕ್ಕನದೂ ಒಂದು ಹೊರಬಿತ್ತು. ಥೈರಾಯ್ಡ್ ಗುಳಿಗೆ ನುಂಗಿದರೂ ಆಕೆಯ ಟಿಎಸ್‌ಎಚ್ ಇಳಿದಿರಲಿಲ್ಲ. ದಿನಾ ಮುಂಜಾನೆ ಚಹಾದ ಜೋಡಿ ನುಂಗ್ತಿದ್ದಳಂತೆ. ಅದನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೊಂಡು, ಚಹಾ-ತಿಂಡಿಗೆ ಅರ್ಧದಿಂದ ಒಂದು ತಾಸು ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣಾಂಶದ ಗುಳಿಗೆ ಇದ್ದರೆ ನಾಲ್ಕು ತಾಸು ದೂರ ಇಡಬೇಕು. ಕಬ್ಬಿಣಾಂಶದ ಗುಳಿಗೆಗೂ ಚಹಾ ಆಗಿಬರುವುದಿಲ್ಲ. ನಮ್ಮ ಕಡೆ ಬಸುರಿಯರು ಅದನ್ನು ಚಹಾದ ಕಪ್ಪಿನ ಜೊತೆಗೇ ನುಂಗುವುದನ್ನು ನಾನೇ ನೋಡಿದ್ದೀನಿ.

ನೀವೂ ಊರಲ್ಲಿರುವ ಅಪ್ಪ-ಅವ್ವನಿಗೆ ಫೋನಿನಲ್ಲೇ ಡಾಕ್ಟರಿಕೆ ಮಾಡ್ತಿದ್ದರೆ ಒಂದು ಮಾತು. ಇದನ್ನು ಓದಿ ಏನನ್ನೂ ಬಿಡಿಸಬೇಡಿ, ಏನನ್ನೂ ಶುರು ಮಾಡಿಸಬೇಡಿ. ಮುಂದಿನ ಸಲ ದವಾಖಾನೆಗೆ ಹೋಗುವಾಗ ಗುಳಿಗೆ, ಪುಡಿ, ಬಾಟ್ಲಿ ಎಲ್ಲ ಒಂದೇ ಚೀಲದಲ್ಲಿ ಹಾಕಿ ಕಳಿಸಿ. ಊಟದಲ್ಲಿ ಏನು ಬದಲಾಗಿದೆ ಅಂತಲೂ ಹೇಳಿ ಬರಲಿ.

ಅವ್ವ ಈಗ ದಿನಾ ಒಂದು ಸಣ್ಣ ವಾಟಗಾ ಪಲ್ಲೆ ತಿಂತಾಳೆ. ಚಳಿಗಾಲಕ್ಕೂ ಅಷ್ಟೇ, ಬ್ಯಾಸಿಗೆಗೂ ಅಷ್ಟೇ. ಹೋದ ತಿಂಗಳ ರಿಪೋರ್ಟ್ 2.9. ನಾನು ಫೋನ್ ಮಾಡಿದಾಗ ಮೊದಲು ಕೇಳೋದು, "ಪಲ್ಲೆ ಆತೇನವ್ವಾ?" ಅಂತ. "ಆತೋ ಡಾಕ್ಟ್ರ" ಅಂತಾಳೆ. ಚುಚ್ಚಲಿ, ಪರವಾಗಿಲ್ಲ.