ಶಾಯಿಯ ಸಾಲು

ಆಲ್ಬ್ರೆಕ್ಟ್ ಡ್ಯೂರರ್ ಬರೆದ ತಾಯಿಯ ಚಿತ್ರವನ್ನು ಚಿತ್ರಕಲೆಯ ವಿದ್ಯಾರ್ಥಿಗಳಿಗೆ ನಾನು ಹಲವು ವರ್ಷ ತಪ್ಪಾಗಿ ವಿವರಿಸಿದೆ. ಜರ್ಮನಿಯ ನ್ಯೂರೆಂಬರ್ಗಿನ ಈ ಕಲಾವಿದ 1514ರಲ್ಲಿ ಇದ್ದಿಲಿನಲ್ಲಿ ಬರೆದ ಆ ಚಿತ್ರ ಈಗ ಬರ್ಲಿನ್ನಿನಲ್ಲಿದೆ. ತಲೆಗೆ ಸುತ್ತಿದ ಬಟ್ಟೆ, ಬತ್ತಿದ ಕೆನ್ನೆ, ಉಬ್ಬಿದ ಕತ್ತಿನ ನರ, ಬಿಗಿದ ತುಟಿ. ಕಣ್ಣುಗಳೆರಡೂ ಒಂದೇ ಕಡೆ ನೋಡುತ್ತಿಲ್ಲ.

‘ಒಂದು ಕಣ್ಣು ಇಹದಲ್ಲಿ, ಇನ್ನೊಂದು ಪರದಲ್ಲಿ’ ಎನ್ನುತ್ತಿದ್ದೆ. ಬರಲಿರುವ ಸಾವನ್ನು ಮಗ ಆ ಕಣ್ಣಲ್ಲೇ ಕಂಡುಬಿಟ್ಟಿದ್ದಾನೆ ಎಂದೂ ಸೇರಿಸುತ್ತಿದ್ದೆ. ಅದೇ ವರ್ಷ ಆತ ಕೆತ್ತಿದ ‘ಮೆಲಂಕೋಲಿಯಾ’ ಎಂಬ ಚಿತ್ರವನ್ನು ಪಕ್ಕದಲ್ಲಿಟ್ಟು, ಎರಡರಲ್ಲೂ ಒಂದೇ ವಿಷಾದ ಎನ್ನುತ್ತಿದ್ದೆ. ಯಾರೂ ಎದುರು ಮಾತಾಡುತ್ತಿರಲಿಲ್ಲ. ಅದನ್ನು ಒಪ್ಪಿಗೆ ಎಂದುಕೊಂಡೆ.

ಆಮೇಲೆ ದೊಡ್ಡ ಅಳತೆಯ ಒಳ್ಳೆಯ ಮುದ್ರಣವೊಂದು ಕೈಗೆ ಸಿಕ್ಕಿತು. ಚಿತ್ರದ ಮೇಲಿನ ಬರಹದಲ್ಲಿ ಎರಡು ಬಗೆಯ ಕಪ್ಪು ಇತ್ತು. ಇದು ಆಲ್ಬ್ರೆಕ್ಟ್ ಡ್ಯೂರರನ ತಾಯಿ, ವಯಸ್ಸು 63 ಎಂಬುದು ಇದ್ದಿಲಿನದು; ಮಾರ್ಚ್ ತಿಂಗಳ ಒಂದು ಭಾನುವಾರ, ಚಿತ್ರದ ಜತೆಗೇ ಬರೆದದ್ದು. ಆಕೆ ತೀರಿಕೊಂಡ ಸುದ್ದಿ ಮಾತ್ರ ಶಾಯಿಯಲ್ಲಿದೆ. ಅದು ಮೇ ತಿಂಗಳ ಸಾವಿನ ನಂತರ ಸೇರಿಸಿದ ಸಾಲು. ನಾನು ಶಾಯಿಯ ಸಾಲನ್ನು ಮೊದಲು ಓದಿ, ಅದರ ದುಃಖವನ್ನು ಮುಖದ ಮೇಲೆ ಹೊರಿಸಿದ್ದೆ.

ತಾಯಿ ಬಾರ್ಬರಾ ಆಗಲೇ ಕಾಯಿಲೆಯಲ್ಲಿದ್ದರು, ನಿಜ. 1513ರಲ್ಲಿ ಹಾಸಿಗೆ ಹಿಡಿದವರು ಚೇತರಿಸಿಕೊಳ್ಳಲೇ ಇಲ್ಲ. 18 ಮಕ್ಕಳನ್ನು ಹೆತ್ತದ್ದು, ಬಡತನ, ಜನರ ಕುಹಕ, ಎಲ್ಲವನ್ನೂ ಡ್ಯೂರರ್ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಸತ್ತ ಮೇಲೆ ಅಮ್ಮನ ಮುಖ ಬದುಕಿದ್ದಾಗಿನದಕ್ಕಿಂತ ಎಷ್ಟೋ ಚೆಲುವಾಗಿತ್ತು ಎಂದೂ ಬರೆದ. ಅದನ್ನು ಓದಿದಾಗ ನನಗೆ ಕಸಿವಿಸಿಯಾಯಿತು. ನಾನು ಸಾವಿನ ಗುರುತು ಎಂದು ತೋರಿಸುತ್ತಿದ್ದ ಆ ಬಿಗಿತವೆಲ್ಲ ಬದುಕು ಹಾಕಿದ್ದು.

ಇನ್ನು ಕಣ್ಣಿನ ವಿಷಯ. ನಮ್ಮ ಸೋದರತ್ತೆಗೆ ಒಂದು ಕಣ್ಣು ಸ್ವಲ್ಪ ಓರೆ. ಕೊತ್ತಂಬರಿ ಸೊಪ್ಪು ಬಿಡಿಸುವಾಗಲೂ, ಮಕ್ಕಳನ್ನು ಗದರುವಾಗಲೂ ಅದು ಹಾಗೇ ಇರುತ್ತಿತ್ತು. ಅವರ ಮಡಿಲಲ್ಲಿ ಬೆಳೆದ ನಾನೇ ಚಿತ್ರದಲ್ಲಿ ಅಂಥದೇ ಕಣ್ಣು ಕಂಡೊಡನೆ ಪರಲೋಕಕ್ಕೆ ಹೋದೆನಲ್ಲ ಎಂಬುದು ಇವತ್ತಿಗೂ ನೋಯಿಸುತ್ತದೆ. ‘ಮೆಲಂಕೋಲಿಯಾ’ದ ಮರಳುಗಡಿಯಾರ, ತಕ್ಕಡಿ, ಗಂಟೆಗಳನ್ನು ಡ್ಯೂರರ್ ಬೇಕೆಂದೇ ತಂದಿಟ್ಟಿದ್ದಾನೆ, ಅವುಗಳ ಅರ್ಥ ಹುಡುಕಲೇಬೇಕು. ತಾಯಿಯ ಹಾಳೆಯಲ್ಲಿ ಅಂಥ ಒಂದು ವಸ್ತುವೂ ಇಲ್ಲ. ಇರುವುದು ಒಂದು ಮುಖ, ಅದನ್ನು ಬಿಡದೆ ನೋಡಿದ ಮಗ.

ಈಗ ಆ ಚಿತ್ರ ತೋರಿಸುವಾಗ ಬರಹದ ಮೇಲೆ ಬಿಳಿ ಕಾಗದ ಮುಚ್ಚುತ್ತೇನೆ. ಯಾರು, ಯಾವಾಗ ಎಂದು ಹೇಳುವುದಿಲ್ಲ. ಇದ್ದಿಲು ಎಲ್ಲಿ ಒತ್ತಿದೆ, ಎಲ್ಲಿ ಹಗುರಾಗಿ ಓಡಿದೆ ಎಂದಷ್ಟೇ ಕೇಳುತ್ತೇನೆ. ಹೆಗಲಿನ ಬಟ್ಟೆಯನ್ನು ಅಗಲ ಗೀರುಗಳಲ್ಲಿ ಬೇಗ ಮುಗಿಸಿದ್ದಾನೆ, ಹಣೆಯ ಸುಕ್ಕಿಗೆ, ಕತ್ತಿನ ನರಕ್ಕೆ ಮತ್ತೆ ಮತ್ತೆ ಬಂದಿದ್ದಾನೆ ಎಂದು ವಿದ್ಯಾರ್ಥಿಗಳೇ ಹೇಳುತ್ತಾರೆ. ಕಾಯಿಲೆಯ ಮಾತು, ಹಟದ ಮಾತು, ಕೆಲವೊಮ್ಮೆ ಸಿಟ್ಟಿನ ಮಾತೂ ಬರುತ್ತದೆ. ಕಾಗದ ತೆಗೆಯುವುದು ಅದೆಲ್ಲ ಮುಗಿದ ಮೇಲೆ.