ಪೆಂಗ್ವಿನ್ ಹಿಕ್ಕೆ ಮತ್ತು ನಮ್ಮ ಕೊನೇ ಸ್ಲೈಡ್

ಸೆಮಿನಾರಿಗೆ ನಾವು ಮೂವರು ಆರಿಸಿಕೊಂಡ ವಿಷಯ ಪೆಂಗ್ವಿನ್ ಹಿಕ್ಕೆ. ಟೈಟಲ್ ಸ್ಲೈಡ್ ಬಂದಿದ್ದೇ ತಡ, ಇಡೀ ಕ್ಲಾಸು ಗೊಳ್ಳೆಂದಿತು. ಎಐ, ಇವಿ ಬ್ಯಾಟರಿಗಳ ನಡುವೆ ಇದೆಲ್ಲಿಂದ ಬಂತಪ್ಪಾ ಅಂತ. ನಗಲಿ ಬಿಡು ಅಂದುಕೊಂಡು ಶುರು ಮಾಡಿದೆವು.

ಬೆಳಿಗ್ಗೆ ದನದ ಕೊಟ್ಟಿಗೆಗೆ ಕಾಲಿಟ್ಟರೆ ಮೂಗಿಗೆ ಹೊಡೆಯುವ ಘಾಟು ಗೊತ್ತಲ್ಲ, ಅದೇ ಅಮೋನಿಯಾ. ಪೆಂಗ್ವಿನ್ ತಿನ್ನೋದು ಮೀನು, ಕ್ರಿಲ್. ಅದರಲ್ಲಿರುವ ನೈಟ್ರೋಜನ್ ಹಿಕ್ಕೆಯಲ್ಲಿ ಹೊರಬಂದು, ಕೊಳೆತು, ಅಮೋನಿಯಾ ಆಗಿ ಗಾಳಿಗೆ ಸೇರುತ್ತೆ. 2023ರ ಆರಂಭದಲ್ಲಿ, ಅಂದರೆ ಅಂಟಾರ್ಕ್ಟಿಕಾದ ಬೇಸಿಗೆಯಲ್ಲಿ, ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಮರಾಂಬಿಯೊ ನೆಲೆಯಲ್ಲಿ ಗಾಳಿಯನ್ನು ಅಳೆದರು. ಸುಮಾರು 8 ಕಿ.ಮೀ. ದೂರದಲ್ಲಿ 60,000 ಅಡೆಲಿ ಪೆಂಗ್ವಿನ್‌ಗಳ ಬಿಡಾರ. ಗಾಳಿ ಆ ಕಡೆಯಿಂದ ಬೀಸಿದಾಗ ಅಮೋನಿಯಾ ಮಾಮೂಲಿಗಿಂತ 1,000 ಪಟ್ಟಿಗೂ ಮಿಕ್ಕಿ ಏರಿತ್ತು. ಅಷ್ಟಾದರೂ ಅದು ನೂರು ಕೋಟಿಗೆ 13.5 ಪಾಲು ಮಾತ್ರ. ಹಕ್ಕಿಗಳು ಜಾಗ ಬಿಟ್ಟು ಹೋದ ಮೇಲೂ ನೆಲದಲ್ಲಿ ಉಳಿದ ಹಿಕ್ಕೆಯಿಂದ ಮಾಮೂಲಿಗಿಂತ 100 ಪಟ್ಟು ಹೆಚ್ಚೇ ಇತ್ತು.

ಇಷ್ಟು ಚೂರು ಅನಿಲ ಏನು ಮಾಡೀತು? ಸಮುದ್ರದ ಸೂಕ್ಷ್ಮ ಸಸ್ಯಗಳಿಂದ ಬರುವ ಗಂಧಕದ ಅನಿಲ ಗಾಳಿಯಲ್ಲಿ ಸಲ್ಫ್ಯೂರಿಕ್ ಆಸಿಡ್ ಆಗುತ್ತೆ. ಈ ಆಸಿಡ್ ಅಣುಗಳು ಒಂದಕ್ಕೊಂದು ಅಂಟಿಕೊಂಡರೂ ಬೇಗ ಬಿಟ್ಟುಹೋಗುತ್ತವೆ. ನಡುವೆ ಅಮೋನಿಯಾ ಸೇರಿದರೆ ಗಟ್ಟಿಯಾಗಿ ನಿಲ್ಲುತ್ತವೆ. ಹೀಗೆ ಹೊಸ ಕಣ ಹುಟ್ಟುವ ವೇಗ 10,000 ಪಟ್ಟಿನವರೆಗೂ ಹೆಚ್ಚುತ್ತೆ ಅಂತ 2025ರಲ್ಲಿ ಪ್ರಕಟವಾದ ಅವರ ವರದಿ ಹೇಳುತ್ತೆ. ಕಣ ಬೆಳೆದು ದೊಡ್ಡದಾದರೆ ಅದರ ಮೇಲೆ ನೀರಾವಿ ಕೂತು ಮೋಡದ ಹನಿ ಆಗುತ್ತೆ.

ಇಷ್ಟೊತ್ತಿಗೆ ಕ್ಲಾಸು ನಗೋದು ನಿಲ್ಲಿಸಿತ್ತು. ನಮಗೂ ಹುಮ್ಮಸ್ಸು ಬಂದಿತ್ತು. ಕೊನೇ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆವು: ‘ಪೆಂಗ್ವಿನ್ ಹೋದರೆ ಮೋಡ ಹೋಗುತ್ತೆ, ಮೋಡ ಹೋದರೆ ಮಂಜುಗಡ್ಡೆ ಕರಗುತ್ತೆ!’ ಚಪ್ಪಾಳೆಯೂ ಬಿತ್ತು.

ಸರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. “ಅಲ್ರಪ್ಪಾ, ಆ ಮೋಡದ ಕೆಳಗೆ ಏನಿದೆ? ನೀರೋ, ಮಂಜುಗಡ್ಡೆಯೋ?” ಅಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೆಳಗೆ ಕಪ್ಪು ಸಮುದ್ರ ಇದ್ದರೆ ಮೋಡ ಬಿಸಿಲನ್ನು ವಾಪಸ್ ಕಳಿಸಿ ತಂಪು ಮಾಡುತ್ತೆ. ಬಿಳಿ ಮಂಜುಗಡ್ಡೆ ಇದ್ದರೆ ಅದೇ ಬಿಸಿಲನ್ನು ವಾಪಸ್ ಕಳಿಸುತ್ತಿರುತ್ತೆ. ಮೇಲೆ ಮೋಡ ಬಂದರೆ ಕಂಬಳಿ ಹೊದಿಸಿದ ಹಾಗೆ ಬಿಸಿ ಹಿಡಿದಿಡಲೂಬಹುದು. ಇದು ನಾವು ಓದಿದ್ದರಲ್ಲೇ ಇತ್ತು. ಸ್ಲೈಡ್ ಜೋರಾಗಿರಲಿ ಅಂತ ಬಿಟ್ಟಿದ್ದೆವು, ಅಷ್ಟೆ.

“ಬೇಕಂತಲೇ ಬಿಟ್ಟಿದ್ದು ಸರ್” ಅಂತ ಒಪ್ಪಿಕೊಂಡೆವು. ಮಾರ್ಕ್ಸ್ ಹೋಯ್ತು. ಆವತ್ತು ರಾತ್ರಿ ಹಾಸ್ಟೆಲಿನಲ್ಲಿ ಕೂತು ಆ ಸ್ಲೈಡ್ ತೆಗೆದೆವು. ಅದರ ಜಾಗಕ್ಕೆ ಎರಡು ಚಿತ್ರ ಹಾಕಿದೆವು: ಒಂದು ಮೋಡದ ಕೆಳಗೆ ಸಮುದ್ರ, ಇನ್ನೊಂದರ ಕೆಳಗೆ ಮಂಜುಗಡ್ಡೆ. ಇದಕ್ಕೆ ಯಾರೂ ಚಪ್ಪಾಳೆ ತಟ್ಟೋದಿಲ್ಲ. ಆದರೆ ಈಗ ಸರ್ ಯಾವ ಪ್ರಶ್ನೆ ಕೇಳಿದರೂ ಅದರ ಮುಂದೆ ಧೈರ್ಯವಾಗಿ ನಿಲ್ಲಬಲ್ಲೆವು.